ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿದ ರಿವಾಲ್ವರ್

ನಮ್ಮ ತವರಿನ ಗಂಡಸರಿಗೆ ಜಂಬ ಪಡಲು ಇದ್ದದ್ದು ಎರಡೇ ವಿಷಯ. ಒಂದು, ಗುಬ್ಬಿ ಸುತ್ತಮುತ್ತ ನಮ್ಮ ತೋಟದ ಕೊಬ್ಬರಿಯಂಥ ಕೊಬ್ಬರಿ ಇಲ್ಲ ಎನ್ನುವುದು. ಇನ್ನೊಂದು, ಬೀರುವಿನಲ್ಲಿ ಕೆಂಪು ಬಟ್ಟೆ ಸುತ್ತಿಕೊಂಡು ಮಲಗಿರುವ ರಿವಾಲ್ವರ್. ಮೊದಲನೆಯ ಮಾತನ್ನು ಆ ಕಡೆ ಪ್ರತಿಯೊಬ್ಬನೂ ತನ್ನ ತೋಟದ ಬಗ್ಗೆ ಆಡುತ್ತಾನೆ, ಹಾಗಾಗಿ ಅದಕ್ಕೆ ಕೇಳುವವರಿರಲಿಲ್ಲ. ಮನೆಗೆ ಯಾರೇ ಬರಲಿ, ಅವರು ಕಾಫಿ ಲೋಟ ಕೆಳಗಿಡುವ ಮೊದಲೇ ಎರಡನೆಯದು ಬೀರುವಿನಿಂದ ಹೊರಗೆ ಬರುತ್ತಿತ್ತು. ಹೆಣ್ಣು ನೋಡಲು ಬಂದವರು, ವಿಮೆ ಮಾಡಿಸುವವರು, ಕರೆಂಟಿನ ಮೀಟರು ಓದಲು ಬಂದವರು, ಎಲ್ಲರೂ ಅದರ ದರ್ಶನ ಮಾಡಿದ್ದಾರೆ.

ಅದು ಈಗಿನ ರಿವಾಲ್ವರಿನಂತಲ್ಲ. ಆರು ಕೋಣೆಗಳ ಉರುಳೆಗೆ ಮುಂದಿನಿಂದ ಮದ್ದು ತುಂಬಿ, ಸೀಸದ ಗುಂಡು ಜಡಿದು, ಹಿಂದಿನ ಪುಟ್ಟ ತೊಟ್ಟುಗಳಿಗೆ ಒಂದೊಂದು ತಾಮ್ರದ ಕೇಪು ಸಿಕ್ಕಿಸಿ ಹೊಡೆಯಬೇಕಾದ ಸರಕು. ದೀಪಾವಳಿಗೆ ಮಕ್ಕಳು ಹಿಡಿಯುವ ಕೇಪಿನ ಪಿಸ್ತೂಲಿನ ಮುತ್ತಜ್ಜ ಎನ್ನಬಹುದು. ಅದರಿಂದ ಗುಂಡು ಹಾರಿದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ. ತೋಟಕ್ಕೆ ಮಂಗ ನುಗ್ಗಿದರೆ ನಮ್ಮ ಶೂರರು ಖಾಲಿ ಡಬ್ಬ ಬಡಿಯುತ್ತಿದ್ದರು.

ಅದು ಮನೆಗೆ ಬಂದ ಕಥೆಯ ಒಗ್ಗರಣೆ ತಲೆಮಾರಿಗೊಮ್ಮೆ ಬದಲಾಗಿದೆ. ತಾತ ಹೇಳುವಾಗ, ಕುಣಿಗಲ್ಲಿನಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬನ ಕುದುರೆ ಹಗ್ಗ ಕಿತ್ತುಕೊಂಡು ಓಡಿತ್ತು, ತಾತ ಹಿಡಿದುಕೊಟ್ಟರು, ದೊರೆ ಮೆಚ್ಚಿ ರಿವಾಲ್ವರ್ ಕೊಟ್ಟ. ಅಪ್ಪ ಹೇಳುವಾಗ ಆ ಕುದುರೆಯ ಹಿಂದೆ ಚಿರತೆಯೊಂದು ಸೇರಿಕೊಂಡಿತು. ನನ್ನ ತಮ್ಮನ ಕಾಲಕ್ಕೆ ಚಿರತೆ ಹುಲಿಯಾಗಿದೆ. ಮುಂದಿನವರು ಸಿಂಹವನ್ನೇ ತಂದರೂ ಆಶ್ಚರ್ಯವಿಲ್ಲ.

ನಿಜ ಸಂಗತಿ ಹೇಳಿದ್ದು ನನ್ನ ಸೋದರತ್ತೆ. ದೊರೆ ಊರು ಬಿಡುವಾಗ ಮನೆ ಸಾಮಾನನ್ನು ಹರಾಜಿಗಿಟ್ಟಿದ್ದನಂತೆ. ತಾತ ಒಂದು ಮೇಜು ಹಿಡಿದು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಮೇಜಿನ ಡ್ರಾಯರು ಕಚ್ಚಿಕೊಂಡಿತ್ತು. ಸುತ್ತಿಗೆಯಲ್ಲಿ ಬಡಿದು ಎಳೆದರೆ ಒಳಗೆ ಇದಿತ್ತು. ಅತ್ತೆಗೆ ಆಗ ಐದೋ ಆರೋ ವರ್ಷ, ಪಕ್ಕದಲ್ಲೇ ನಿಂತು ನೋಡಿದವಳು. ಮೇಜನ್ನು ಗೆದ್ದಲು ತಿಂದಿತು, ರಿವಾಲ್ವರ್ ಉಳಿಯಿತು, ಜೊತೆಗೆ ಕುದುರೆಯೂ ಹುಲಿಯೂ ಹುಟ್ಟಿಕೊಂಡವು.

ಈ ಅತ್ತೆಯ ವಿಷಯ ಹೇಳಲೇಬೇಕು. ಅವಳನ್ನು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಕೊಟ್ಟಿದ್ದರು. ಮದುವೆಯಾದ ಮೂರನೇ ವರ್ಷ ಗಂಡ ತೀರಿಕೊಂಡ, ತಾತ ಹೋಗಿ ಮನೆಗೆ ಕರೆತಂದರು. ಅಂದಿನಿಂದ ಅವಳಿಗೆ ನಮ್ಮ ಮನೆಯಲ್ಲಿ ಒಂದು ಹುದ್ದೆ ಸಿಕ್ಕಿತು. ಹಬ್ಬ ಬಂದರೆ ದೇವರ ಸಾಮಾನು ಬೆಳಗುವುದು, ಆಯುಧಪೂಜೆಗೆ ಕುಡುಗೋಲು, ಮಚ್ಚು, ಹಾರೆ, ಕಾಯಿ ಸುಲಿಯುವ ಸಲಾಕೆ ಎಲ್ಲ ತೊಳೆಯುವುದು. ಕೊನೆಯಲ್ಲಿ ರಿವಾಲ್ವರ್. ಅದನ್ನು ಹೆಂಗಸರು ಮುಟ್ಟಬಾರದು ಎಂದು ಮನೆಯಲ್ಲಿ ಕಟ್ಟಪ್ಪಣೆ ಇತ್ತು. ತೊಳೆಯುವುದು ಮಾತ್ರ ಮುಟ್ಟಿದಂತೆ ಲೆಕ್ಕವಿಲ್ಲ. ಅಪ್ಪ ಅದನ್ನು ತಂದು ಹಿತ್ತಿಲ ಕಲ್ಲಿನ ಮೇಲಿಟ್ಟು, ದೂರ ನಿಂತು, ಹುಷಾರು ಎನ್ನುತ್ತಿದ್ದರು. ಅತ್ತೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕೂರುತ್ತಿದ್ದಳು. ತೊಳೆದು ಒರೆಸಿ ಕೊಟ್ಟ ಮೇಲೆ ಅಪ್ಪ ಅದಕ್ಕೆ ಮೂರೆಳೆ ವಿಭೂತಿ ಹಚ್ಚಿ ಪೂಜೆಗಿಡುತ್ತಿದ್ದರು. ಮನೆಯಲ್ಲಿ ಬೇರೆ ಯಾವುದಕ್ಕೂ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಆ ಒಂದು ದಿನ ಎಲ್ಲರೂ ಅವಳ ಕೈಯನ್ನೇ ಕಾಯಬೇಕಿತ್ತು.

ಅಪ್ಪನಿಗೆ ರಿವಾಲ್ವರಿನ ವಿಷಯದಲ್ಲಿ ಇದ್ದ ಒಂದೇ ಕಾಟವೆಂದರೆ ಚುನಾವಣೆ. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ನಮ್ಮದರಿಂದ ಪ್ರಜಾಪ್ರಭುತ್ವಕ್ಕೆ ಏನು ಅಪಾಯವಿತ್ತೋ ನಾನು ಕಾಣೆ. ಎತ್ತಿ ಎಸೆದರೆ ಯಾರದಾದರೂ ಕಾಲಿನ ಹೆಬ್ಬೆರಳು ಜಜ್ಜುತ್ತಿತ್ತು, ಅಷ್ಟೆ. ಆದರೂ ಅಪ್ಪ ಬಿಳಿ ಪಂಚೆ ಉಟ್ಟು, ಗಂಧ ಇಟ್ಟುಕೊಂಡು, ಮಗಳನ್ನು ಗಂಡನ ಮನೆಗೆ ಕಳಿಸುವ ಮುಖ ಮಾಡಿಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಒಮ್ಮೆ ವಾಪಸು ತಂದಾಗ ಅವರಿಗೆ ಅನುಮಾನ ಹತ್ತಿಕೊಂಡಿತು. ಇದು ನಮ್ಮದಲ್ಲ, ಬದಲಾಗಿದೆ, ಹೊಳಪೇ ಇಲ್ಲ ಎಂದರು. ಠಾಣೆಯವರು ಪಾಪ, ಕೊಟ್ಟದ್ದನ್ನೇ ಹಿಂದಕ್ಕೆ ಕೊಟ್ಟಿದ್ದರು. ಎರಡು ತಿಂಗಳು ಮೂಲೆಯಲ್ಲಿ ಬಿದ್ದಿದ್ದಕ್ಕೆ ಕಪ್ಪಿಟ್ಟಿತ್ತು. ಅತ್ತೆ ಒಮ್ಮೆ ಉಜ್ಜಿ ಕೊಟ್ಟ ಮೇಲೆ ಅದು ಮತ್ತೆ ನಮ್ಮದೇ ಆಯಿತು. ಆದರೆ ಅಪ್ಪನ ತಲೆಯಲ್ಲಿ ಹುಳ ಉಳಿದುಬಿಟ್ಟಿತು.

ಆ ವರ್ಷವೇ ನನ್ನ ಮದುವೆ ಗೊತ್ತಾಗಿತ್ತು. ನಾನು ಚರಿತ್ರೆಯಲ್ಲಿ ಎಂ.ಎ. ಮುಗಿಸಿ, ನನಗೆ ತಿಳಿಯದ್ದು ಲೋಕದಲ್ಲಿ ಬಹಳವಿಲ್ಲ ಎಂದುಕೊಂಡಿದ್ದ ಕಾಲ. ಅಪ್ಪ ಮತ್ತು ನಾನು ಪಾತ್ರೆ ತರಲು ತುಮಕೂರಿಗೆ ಹೋದೆವು. ನಮ್ಮ ಕಡೆ ಮದುವೆಗೆ ಕೊಟ್ಟ ಪಾತ್ರೆ ಎಂದರೆ ಹೆಸರು ಹಾಕಿಸದೆ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಕೊಳಗ, ಹಂಡೆಯಿಂದ ಹಿಡಿದು ಚಮಚದವರೆಗೆ ಎಲ್ಲಕ್ಕೂ ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂದು ಕೊರೆಸಬೇಕು. ಇಲ್ಲದಿದ್ದರೆ ಬೀಗರ ಮನೆಯ ಪಾತ್ರೆಯ ಜೊತೆ ಸೇರಿ ಹೋಗುತ್ತದೆ ಎಂದು ಭಯ. ಅಂಗಡಿಯ ಬಾಗಿಲ ಪಕ್ಕ ಪುಟ್ಟ ಮೇಜಿನ ಹಿಂದೆ, ದಪ್ಪ ಕನ್ನಡಕದವನೊಬ್ಬ ಕರೆಂಟಿನ ಪೆನ್ನು ಹಿಡಿದು ಟ್ರರ್ ಟ್ರರ್ ಎಂದು ಬರೆಯುತ್ತಿದ್ದ. ನಾನು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಅವನು ಪಾತ್ರೆಗೆ ಇಳಿಸುತ್ತಿದ್ದ.

ಕೊನೆಯ ಲೋಟವೂ ಮುಗಿದ ಮೇಲೆ ಅಪ್ಪ ಕೈಚೀಲದ ತಳದಿಂದ ಪೇಪರಿನಲ್ಲಿ ಸುತ್ತಿದ್ದ ರಿವಾಲ್ವರ್ ತೆಗೆದು, ಇದಕ್ಕೂ ಒಂದು ಹಾಕಿಬಿಡಿ ಎಂದರು. ಅಂಗಡಿಯವರು ಎದ್ದು ನಿಂತರು. ಅಪ್ಪ ಲೈಸೆನ್ಸ್ ತೋರಿಸಿದರು. ಹಿಡಿಯ ಮೇಲೆ ಬರೆಸಬೇಕೆಂದು ಅವರ ಮನಸ್ಸು. ಮರದ ಮೇಲೆ ಪೆನ್ನು ನಿಲ್ಲುವುದಿಲ್ಲ ಎಂದು ಬರೆಯುವವನು ಹೇಳಿದ. ನಳಿಗೆಯ ಮೇಲೆ ಚಪ್ಪಟೆ ಜಾಗವೊಂದಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿದ.

"ಇಲ್ಲೇನೋ ಇಂಗ್ಲೀಷಲ್ಲಿ ಬರ್ದದೆ ನೋಡಿ ಮೇಡಂ."

ನಾನು ನೋಡಿದೆ. ಬಳ್ಳಿ ಬಳ್ಳಿಯಾದ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಸಂಖ್ಯೆ ಚೆನ್ನಾಗಿಯೇ ಕಾಣುತ್ತಿತ್ತು, ಅಕ್ಷರಗಳನ್ನು ಬಿಡಿಸಿ ಓದಲು ಐದು ನಿಮಿಷ ಬೇಕಿತ್ತು. ಆಗಷ್ಟೇ ಅಪ್ಪ ಅಂಗಡಿಯವರಿಗೆ ಮಗಳು ಎಂ.ಎ. ಎಂದು ಎರಡನೇ ಸಲ ಹೇಳಿದ್ದರು. ಓದಲು ಬರಲಿಲ್ಲ ಎನ್ನಲು ನನಗೆ ನಾಚಿಕೆ.

"ಅದು ಕಂಪ್ನಿ ಹೆಸ್ರು. ಉಜ್ಜಾಕಿ ಅದ್ರ ಮೇಲೇ ಬರೀರಿ" ಎಂದೆ.

ಹೊಸ ಪಾತ್ರೆಗೆ ಅಂಟಿಸಿರುವ ಕಂಪನಿಯ ಚೀಟಿಯನ್ನು ಕಿತ್ತು ಎಸೆಯುವುದಿಲ್ಲವೆ, ಹಾಗೆ. ಅವನು ಅರ ತೆಗೆದುಕೊಂಡು ಹತ್ತು ನಿಮಿಷ ಉಜ್ಜಿದ. ಜಾಗ ನುಣ್ಣಗಾಯಿತು. ಅದರ ಮೇಲೆ ತಾತನ ಹೆಸರು, ಅಪ್ಪನ ಹೆಸರು, ಊರು, ತಾಲ್ಲೂಕು, ಕೊನೆಯಲ್ಲಿ ಒಂದು ಪುಟ್ಟ ಹೂವು. ಹೂವನ್ನು ಅವನು ಬಿಟ್ಟಿಯಾಗಿ ಹಾಕಿಕೊಟ್ಟ. ನನ್ನ ಇಡ್ಲಿ ಪಾತ್ರೆಯ ಮೇಲೂ ಅದೇ ಹೂವಿದೆ.

ಆಮೇಲೆ ಮೂವತ್ತು ವರ್ಷ ತುಮಕೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಹಳೆಯ ದೇವಸ್ಥಾನ, ಕೋಟೆ ಎಂದು ಪ್ರವಾಸ ಕರೆದುಕೊಂಡು ಹೋಗುತ್ತಿದ್ದೆ. ಕಂಬದ ಮೇಲೆ ಹೆಸರು ಕೆತ್ತಿದವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಒಮ್ಮೆ ಒಬ್ಬ ಹುಡುಗಿ ಹೇರ್ ಪಿನ್ನಿನಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಗೀಚಿದ್ದಕ್ಕೆ, ಬಸ್ಸಿನಲ್ಲಿ ಎಲ್ಲರೆದುರು ನಿಲ್ಲಿಸಿ, ಹಿಂದಿನವರು ಬಿಟ್ಟುಹೋದದ್ದರ ಮೇಲೆ ನಿನ್ನ ಹೆಸರು ಬರೆಯಲು ನೀನ್ಯಾರು ಎಂದು ಅವಳು ಅಳುವವರೆಗೂ ಬೈದಿದ್ದೆ. ಬೈಯುವಾಗ ನನಗೆ ಪಾತ್ರೆ ಅಂಗಡಿ ಒಂದು ಸಲವಾದರೂ ನೆನಪಾಗಬೇಕಿತ್ತು. ಆಗಲಿಲ್ಲ.

ಅಪ್ಪ ಹೋದ ಮೇಲೆ ಲೈಸೆನ್ಸು, ರಿವಾಲ್ವರ್, ಹುಲಿಯ ಕಥೆ ಎಲ್ಲ ತಮ್ಮನ ಪಾಲಿಗೆ ಬಂದವು. ಈ ವರ್ಷ ಯುಗಾದಿಗೆ ಮುಂಚೆ ಅವನು ಫೋನಿನಲ್ಲಿ ಏನನ್ನೋ ನೋಡಿ ಹುಚ್ಚು ಹಿಡಿಸಿಕೊಂಡ. ಹೊರದೇಶದಲ್ಲಿ ಥೇಟ್ ನಮ್ಮದರಂಥದೇ ಕೇಪಿನ ರಿವಾಲ್ವರ್ ಹರಾಜಾಗಿ ಮನೆ ಕಟ್ಟುವಷ್ಟು ಬೆಲೆಗೆ ಹೋಯಿತಂತೆ. ಅವನು ನಮ್ಮದರ ಫೋಟೋ ತೆಗೆದು, ವಿಭೂತಿ ಸಮೇತ, ಎಲ್ಲೆಲ್ಲಿಗೋ ಕಳಿಸಿದ. ಬೆಂಗಳೂರಿನಿಂದ ಹಳೆಯ ಆಯುಧಗಳ ಸಂಗ್ರಾಹಕರೊಬ್ಬರು, ಇದು ನಾನಂದುಕೊಂಡದ್ದೇ ಆಗಿದ್ದರೆ ಇಡೀ ದೇಶದಲ್ಲಿ ನಾಲ್ಕೈದು ಇರಬಹುದು, ಭಾನುವಾರ ಬರುತ್ತೇನೆ ಎಂದು ಉತ್ತರ ಬರೆದರು.

ಅದರ ಹಿಂದಿನ ದಿನ ನನ್ನ ತಮ್ಮ ತಾನೇ ರಿವಾಲ್ವರನ್ನು ತಂದು ಹಿತ್ತಿಲ ಕಲ್ಲಿನ ಮೇಲಿಟ್ಟು, ನಾಳೆ ದೊಡ್ಡೋರು ಬರ್ತಾರೆ, ಚೆನ್ನಾಗಿ ಉಜ್ಜು ಎಂದು ಅತ್ತೆಗೆ ಹೇಳಿದ. ಎಂಬತ್ತು ದಾಟಿದ ಅತ್ತೆ ಮಂಡಿ ಹಿಡಿದುಕೊಂಡು ಕೂತು ಉಜ್ಜಿದಳು. ಈ ಮಾತು ನೆನಪಿರಲಿ, ಅವನು ಮರೆತಿದ್ದಾನೆ.

ಬಂದವರ ಜೊತೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನನ್ನ ಮನೆಯಿಂದ ನನ್ನನ್ನೂ ಕರೆಸಿಕೊಂಡಿದ್ದರು. ಸಂಗ್ರಾಹಕರು ಕಾರಿನಿಂದ ಇಳಿದರು, ಕಾಫಿ ಬೇಡ ಎಂದರು, ತಾವೇ ತಂದ ಬಾಟಲಿಯ ನೀರು ಕುಡಿದರು. ಬಿಳಿ ಕೈಗವಸು ಹಾಕಿಕೊಂಡು, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡರು. ನನ್ನ ತಮ್ಮ ಹುಲಿಯ ಕಥೆ ಶುರು ಮಾಡಿದ. ಅವರು ಬೆರಳೆತ್ತಿ ಸುಮ್ಮನಿರಿಸಿದರು. ಅದಕ್ಕಾಗಿ ಮಾತ್ರ ಆ ಮನುಷ್ಯನ ಮೇಲೆ ನನಗೆ ಕೊಂಚ ಗೌರವ ಹುಟ್ಟಿತು. ಉಳಿದಂತೆ, ಯಾರೋ ಯಾರನ್ನೋ ಕೊಲ್ಲಲು ಮಾಡಿಸಿದ ಕಬ್ಬಿಣವನ್ನು ಹಸುಗೂಸಿನಂತೆ ತಿರುಗಿಸಿ ನೋಡುತ್ತಿದ್ದ ಅವರನ್ನು ಕಂಡು ಒಳಗೊಳಗೇ ನಗು ಬರುತ್ತಿತ್ತು. ನಳಿಗೆಯ ಮೇಲ್ಭಾಗ ಅವರ ಕಣ್ಣಿಗೆ ಬೀಳುವವರೆಗೆ ಆ ನಗು ಬರುತ್ತಿತ್ತು.

ಅವರು ಅಲ್ಲಿ ನಿಂತರು. ತುಂಬ ಹೊತ್ತು ನೋಡಿದರು. ಆಮೇಲೆ ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿದರು. ಇದು ಅದೇ ಇರಬಹುದು, ಆದರೆ ಹಾಗೆಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಮಾಡಿದವನ ಹೆಸರು ಮತ್ತು ನಂಬರು ಇಲ್ಲಿ ಇರಬೇಕಿತ್ತು, ಇದರ ಪ್ರಾಣ ಇದ್ದದ್ದೇ ಅಲ್ಲಿ, ಯಾರೋ ಉಜ್ಜಿ ಉಜ್ಜಿ ತೆಗೆದಿದ್ದಾರೆ, ಮೈಮೇಲಿನ ಹಳೆಯ ಬಣ್ಣವೂ ಹೋಗಿದೆ ಎಂದರು. ಈಗಿದು ಪೇಪರು ಹಾರದಂತೆ ಇಡಲು ಆಗುತ್ತದೆ ಎಂದೂ ಸೇರಿಸಿದರು. ಮೇಲಿರುವ ಕನ್ನಡ ಅಕ್ಷರ ಏನೆಂದು ಕೇಳಿದರು. ನನ್ನ ತಮ್ಮ ಎದೆಯುಬ್ಬಿಸಿ, ನಮ್ಮ ಅಪ್ಪಾಜಿ ಹೆಸ್ರು ಎಂದ.

ಹಾಗಾದರೆ ಉಜ್ಜಿದವರು ಯಾರು ಎಂದು ಅವರು ಕೇಳಿದ ಕೂಡಲೇ ತಮ್ಮ, ಅವನ ಹೆಂಡತಿ ಇಬ್ಬರ ಕಣ್ಣೂ ಅಡುಗೆಮನೆಯ ಬಾಗಿಲಿಗೆ ಹೋದವು. ಅಲ್ಲಿ ಅತ್ತೆ ನಿಂತಿದ್ದಳು. ಅಪ್ಪಾಜಿ ತಪ್ಪು ಮಾಡಿರಲು ಸಾಧ್ಯವಿಲ್ಲ, ಅವರು ಹೆಸರು ಬರೆಸಿದ್ದಾರೆ ಅಷ್ಟೆ, ಅಳಿಸಿದ್ದು ಅರವತ್ತು ವರ್ಷದ ಹುಣಸೆಹಣ್ಣು ಎಂದು ಅವರ ತಲೆಯಲ್ಲಿ ಆ ಕ್ಷಣದಲ್ಲೇ ತೀರ್ಪಾಯಿತು. ತಮ್ಮ ಅದನ್ನು ಬಾಯಿಬಿಟ್ಟು ಹೇಳಿದ. ಬಂದವರ ಎದುರಿಗೇ ಹೇಳಿದ.

ಅತ್ತೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಲ್ಲಿ ಸತ್ಯ ಗೊತ್ತಿದ್ದವಳು ನಾನೊಬ್ಬಳು. ಅಪ್ಪ ಇಲ್ಲ, ಬರೆದವನು ಎಲ್ಲಿದ್ದಾನೋ ಗೊತ್ತಿಲ್ಲ. ಅತ್ತೆ ಮೂವತ್ತು ವರ್ಷ ಉಜ್ಜಿದ ಮೇಲೂ ಆ ಅಕ್ಷರಗಳು ಇದ್ದವು, ನಾನೇ ಕಣ್ಣಾರೆ ಕಂಡಿದ್ದೆ, ನಾನೇ ತೆಗೆಸಿದ್ದೆ. ಬಾಯಿ ತೆರೆಯಬೇಕೆಂದುಕೊಂಡೆ. ಅಷ್ಟರಲ್ಲಿ ಸಂಗ್ರಾಹಕರು ನನ್ನ ಕಡೆ ತಿರುಗಿ, ಮೇಡಂ ಹಿಸ್ಟರಿ ಟೀಚರ್ ಅಲ್ವಾ, ಇಂಥದ್ದನ್ನು ಕಂಡರೆ ಎಷ್ಟು ಸಂಕಟ ಆಗುತ್ತೆ ಅಂತ ನಿಮಗೆ ಅರ್ಥ ಆಗುತ್ತೆ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಅತ್ಯಂತ ನಾಚಿಕೆಗೇಡಿನ ಕೆಲಸ ಆ ತಲೆಯಾಡಿಸಿದ್ದು. ಅರ ಹಾಕಿಸಿದ್ದು ಅದರ ಮುಂದೆ ಏನೇನೂ ಅಲ್ಲ.

ಮಾರನೆಯ ದಿನದಿಂದ ಅತ್ತೆಯ ಹುದ್ದೆ ಹೋಯಿತು. ಯುಗಾದಿಗೆ ದೀಪದ ಕಂಬ ಬೆಳಗಲು ಹುಣಸೆಹಣ್ಣು ನೆನೆಹಾಕಿ ಕೂತಿದ್ದವಳ ಕೈಯಿಂದ ತಮ್ಮನ ಹೆಂಡತಿ ಕಂಬವನ್ನು ತೆಗೆದುಕೊಂಡು, ನೀವು ಬ್ಯಾಡಿ, ಇದನ್ನೂ ಸವೆಸೀರಿ ಎಂದಳಂತೆ. ಅವಳು ಕೆಟ್ಟವಳಲ್ಲ, ಮನೆ ಕಟ್ಟುವ ಆಸೆ ಇಟ್ಟುಕೊಂಡು ಮೂರು ದಿನ ನೆಲಕ್ಕೆ ಯಾವ ಟೈಲ್ಸು ಹಾಕಿಸಬೇಕೆಂದು ಲೆಕ್ಕ ಹಾಕಿದ್ದಳು. ತಮ್ಮನಂತೂ ಅತ್ತೆಯ ಜೊತೆ ಮಾತನ್ನೇ ಬಿಟ್ಟ. ಬಂದುಹೋದವರಿಗೆಲ್ಲ ಹೊಸ ಕಥೆ ಸಿಕ್ಕಿತು. ಹುಲಿಯ ಬಾಯಿಂದ ತಪ್ಪಿಸಿಕೊಂಡು ಬಂದ ರಿವಾಲ್ವರ್ ಮುದುಕಿಯೊಬ್ಬಳ ಕೈಯಲ್ಲಿ ಹಾಳಾಯಿತು ಎಂದು.

ಹದಿನೈದು ದಿನಕ್ಕೆ ಅತ್ತೆ ಪಕ್ಕದ ಮನೆಯ ಫೋನಿನಿಂದ ನನಗೆ ಫೋನ್ ಮಾಡಿ, ಕೊತ್ತಗೆರೆಗೆ ಬಿಟ್ಟು ಬರಬೇಕೆಂದು ಕೇಳಿದಳು. ಅರವತ್ತು ವರ್ಷ ಆ ಊರಿಗೆ ಕಾಲಿಡದವಳು. ಅಲ್ಲಿ ಈಗ ಇರುವುದು ಅವಳ ಗಂಡನ ತಮ್ಮನ ಮಗ, ಅವನ ಸಂಸಾರ. ನನ್ನ ಮನೆಯಲ್ಲಿ ಇರು ಎಂದೆ, ಒಪ್ಪಲಿಲ್ಲ. ತವರಿನಲ್ಲಿ ಇಷ್ಟು ದಿನ ಇದ್ದದ್ದೇ ತಪ್ಪಾಯಿತು, ಸಾಯುವುದಾದರೂ ಕೊಟ್ಟ ಮನೆಯಲ್ಲಿ ಸಾಯುತ್ತೇನೆ ಎಂದಳು. ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಒಂದು ಬಟ್ಟೆಯ ಚೀಲ, ಅವಳದೇ ಒಂದು ಹಿತ್ತಾಳೆ ಚೊಂಬು, ಅಷ್ಟೆ ಸಾಮಾನು. ತುಮಕೂರಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಪಾತ್ರೆ ಅಂಗಡಿಗಳ ರಸ್ತೆ ಕಾಣಿಸಿತು. ನಾನು ಬೇರೆ ಕಡೆ ತಿರುಗಿ ಕೂತೆ. ಕುಣಿಗಲ್ ರಸ್ತೆಗೆ ತಿರುಗಿದ ಮೇಲೆ ಅವಳು ಕೇಳಿದಳು.

"ನೀನು ಓದ್ದೋಳು, ನಿಂಗೊತ್ತಿರ್ತದೆ. ನಾನೇ ಅಳಿಸ್ಬುಟ್ನಾ ಮಗಾ?"

ಗೊತ್ತಿಲ್ಲ ಅತ್ತೆ ಎಂದೆ.

ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಕೊತ್ತಗೆರೆ ತಲುಪಿದೆವು. ಆ ಮನೆಯವರು ಒಳ್ಳೆಯವರು, ಫೋಟೋದಲ್ಲಿ ಮಾತ್ರ ಕಂಡಿದ್ದ ದೊಡ್ಡಮ್ಮನನ್ನು ಬೇಡ ಎನ್ನಲಿಲ್ಲ. ರಾಗಿ ಮೂಟೆ ಇಡುವ ಕೋಣೆಯಲ್ಲಿ ಒಂದು ಮಂಚ ಹಾಕಿಕೊಟ್ಟರು. ನಾನು ಅದೇ ಕಾರಿನಲ್ಲಿ ವಾಪಸು ಬಂದೆ.

ಎಷ್ಟು ದಿನ ತಡೆದುಕೊಂಡೆ ಎಂದರೆ, ಹೇಳಲು ನಾಚಿಕೆಯಾಗುತ್ತದೆ, ಒಂದು ತಿಂಗಳು. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದವಳಿಗೆ ತಾನು ಹೇಳಲು ಒಂದು ತಿಂಗಳು ಬೇಕಾಯಿತು. ದಿನಾ ಬೆಳಿಗ್ಗೆ ಇಡ್ಲಿ ಪಾತ್ರೆ ತೊಳೆಯುವಾಗ ಆ ಹೂವು ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಒಂದು ದಿನ ಪಾತ್ರೆಯನ್ನು ಅರ್ಧಕ್ಕೆ ಬಿಟ್ಟು ಗುಬ್ಬಿಯ ಬಸ್ಸು ಹತ್ತಿದೆ.

ಜಗಲಿಯ ಮೇಲೆ ತಮ್ಮ ಕೂತು ಕೊಬ್ಬರಿ ಆರಿಸುತ್ತಿದ್ದ. ಎಲ್ಲ ಹೇಳಿದೆ. ಬರೆಯುವವನು ಕೇಳಿದ್ದು, ನನಗೆ ಓದಲು ಬಾರದಿದ್ದದ್ದು, ಉಜ್ಜಿಹಾಕಿ ಎಂದದ್ದು. ಅವನು ಕೂಗಾಡುತ್ತಾನೆ, ಮನೆಗೆ ಬರಬೇಡ ಎನ್ನುತ್ತಾನೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ.

"ಅಯ್ಯೋ ಬುಡಕ್ಕ, ನೀನೇನ್ ಬೇಕೂಂತ ಮಾಡಿದ್ಯಾ" ಎಂದ. ಒಳಗೆ ತಿರುಗಿ ಅಕ್ಕನಿಗೆ ಕಾಫಿ ತಾ ಎಂದು ಕೂಗಿದ.

ಅಷ್ಟೇ. ಎರಡು ನಿಮಿಷದಲ್ಲಿ ನನ್ನ ಅಪರಾಧ ಮುಗಿಯಿತು. ಕಾಫಿಗೆ ಸಕ್ಕರೆಯೂ ಸರಿಯಾಗಿತ್ತು. ಎಂ.ಎ. ಓದಿದವಳು, ತುಮಕೂರಿನಲ್ಲಿ ಸ್ವಂತ ಮನೆ ಇರುವವಳು, ಪೆನ್ಶನ್ ಬರುವವಳು ಮಾಡಿದರೆ ಅದು ಗೊತ್ತಿಲ್ಲದೆ ಆದದ್ದು. ಮೂಲೆಯಲ್ಲಿ ಉಂಡು ಬದುಕಿದವಳು ಮಾಡಿದಳೆಂದರೆ ಹಾಳು ಮಾಡಿದ್ದು. ಅತ್ತೆಯ ವಿಷಯ ಅವನೇ ಎತ್ತುತ್ತಾನೆ ಎಂದು ಲೋಟ ಖಾಲಿಯಾಗುವವರೆಗೆ ಕಾದೆ. ಎತ್ತಲಿಲ್ಲ. ನಾನೇ ಕೇಳಿದೆ. ಬರುವುದಾದರೆ ಬರಲಿ, ಬೇಡ ಎಂದವರು ಯಾರು ಎಂದ. ಹೋಗಿ ಕರೆದುಕೊಂಡು ಬಾ ಎಂದೆ. ಕೊಬ್ಬರಿಯ ಕೆಲಸ ಇದೆ ಎಂದ.

ಮಾರನೆಯ ದಿನ ಕೊತ್ತಗೆರೆಗೆ ಹೋದೆ. ಅತ್ತೆ ಹಿತ್ತಿಲಲ್ಲಿ ಅವರ ಮನೆಯ ತಾಮ್ರದ ಹಂಡೆಯನ್ನು ಬೆಳಗುತ್ತಾ ಕೂತಿದ್ದಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳಿದೆ. ಅವಳ ಕೈ ನಿಂತಿತು. ಅಕ್ಷರ ಬಾರದವಳು, ಅಲ್ಲಿ ಏನು ಬರೆಸಿದ್ದೆ ಎಂದು ಮೊದಲ ಸಲ ಕೇಳಿದಳು. ತಾತನ ಹೆಸರು, ಅಪ್ಪನ ಹೆಸರು, ಊರ ಹೆಸರು ಹೇಳಿದೆ.

"ಅದು ದೊರೆ ಬರ್ದಿದ್ದು ಅಂತ ಅನ್ಕೊಂಡಿದ್ದೆ ಕಣೇ. ಅಳಿಸೋಯ್ತದೆ ಅಂತ ಆ ಜಾಗಕ್ಕೆ ಹುಣಸೆಹಣ್ಣೇ ತಾಗಿಸ್ತಿರ್ಲಿಲ್ಲ. ಮೊದ್ಲಿಂದಾನೂ ಅಲ್ಲಿ ಬರೀ ಬಟ್ಟೇಲಿ ಒರೆಸ್ತಿದ್ದೆ. ಒರೆಸಿದ್ದಕ್ಕೇ ಹೋಯ್ತೇನೋ ಅಂತ ಹೆದ್ರಿದ್ದೆ."

ಮನೆಯಲ್ಲಿ ಆ ಅಕ್ಷರಗಳನ್ನು ಜೋಪಾನ ಮಾಡಿದ್ದವಳು ಅವಳೊಬ್ಬಳೇ. ನಾನು ಅತ್ತುಬಿಟ್ಟೆ. ಅ ಆ ಬಾರದವಳಿಗೆ ಬರವಣಿಗೆಯ ಮೇಲೆ ಇದ್ದ ಮರ್ಯಾದೆಯಲ್ಲಿ ಒಂದು ಕಾಳಿನಷ್ಟೂ ನನಗೆ ಇರಲಿಲ್ಲ.

ಅವಳು ನಾನು ಅಳುವುದನ್ನು ಸುಮ್ಮನೆ ನೋಡಿದಳು. ಸಮಾಧಾನ ಮಾಡಲಿಲ್ಲ, ಅದು ನನಗೆ ಬೇಕೂ ಇರಲಿಲ್ಲ. ಇದನ್ನ ಕೇಳಿ ನಿನ್ ತಮ್ಮ ನಿಂಗೇನಂದ ಎಂದು ಕೇಳಿದಳು. ಪರವಾಗಿಲ್ಲ ಬಿಡು ಅಂದ ಎಂದೆ.

"ನಂಗೆ ಹಂಗನ್ಲಿಲ್ವಲ್ಲ" ಎಂದಳು.

ಅಷ್ಟು ಹೇಳಿ ಮತ್ತೆ ಹಂಡೆಗೆ ಕೈ ಹಾಕಿದಳು. ಊರಿಗೆ ಹೋಗೋಣ ಬಾ ಎಂದರೆ, ಕರೆಯುವವನು ಬಂದು ಕರೆಯಲಿ ಎಂದಳು. ನಾನು ಏಳುವಾಗ ಒಂದು ಮಾತು ಸೇರಿಸಿದಳು. ಬರುವ ಆಯುಧಪೂಜೆಗೆ ಅದನ್ನು ನೀನೇ ಉಜ್ಜು, ಅವನನ್ನು ಎದುರಿಗೆ ನಿಲ್ಲಿಸಿಕೊಂಡು, ಆ ಅಕ್ಷರದ ಮೇಲೇ ಚೆನ್ನಾಗಿ ಉಜ್ಜು ಎಂದು.

ಆಯುಧಪೂಜೆಯ ಹಿಂದಿನ ದಿನ ಹೋದೆ. ಕುಡುಗೋಲು ಮಚ್ಚುಗಳನ್ನು ತಮ್ಮನ ಹೆಂಡತಿ ಯಾವುದೋ ಪುಡಿ ಹಾಕಿ ತೊಳೆದಿದ್ದಳು, ಮೂಲೆಮೂಲೆಯಲ್ಲಿ ಬಿಳಿ ಕೂತಿತ್ತು. ರಿವಾಲ್ವರನ್ನು ನಾನು ಉಜ್ಜುತ್ತೇನೆ ಎಂದೆ. ತಮ್ಮನಿಗೆ ಇಷ್ಟವಿರಲಿಲ್ಲ, ಆದರೆ ಪೇಪರ್ ವೇಟಿಗೆ ಹೆಂಗಸರು ಮುಟ್ಟಬಾರದು ಎಂಬ ಅಪ್ಪಣೆ ಇನ್ನು ಎಲ್ಲಿ ನಿಲ್ಲುತ್ತದೆ, ತಂದು ಕಲ್ಲಿನ ಮೇಲಿಟ್ಟ. ಇಲ್ಲೇ ನಿಂತಿರು ಎಂದೆ. ನಿಂತ.

ಅರವತ್ತು ವರ್ಷ ಅತ್ತೆ ಕೂತ ಕಲ್ಲು ನಡುವೆ ನುಣ್ಣಗೆ ಸವೆದಿತ್ತು. ಅಲ್ಲೇ ಕೂತೆ. ಹುಣಸೆಹಣ್ಣು ಹಚ್ಚಿ, ಬೂದಿ ಉದುರಿಸಿ, ತೆಂಗಿನ ನಾರು ಹಿಡಿದು ಅಪ್ಪನ ಹೆಸರಿನ ಮೇಲೇ ಉಜ್ಜಿದೆ. ಹತ್ತು ನಿಮಿಷಕ್ಕೆ ಭುಜ ಸೋತಿತು. ತೊಳೆದು ತಮ್ಮನಿಗೆ ತೋರಿಸಿದೆ. ಎಲ್ಲ ಅಕ್ಷರವೂ ಹಾಗೇ ಇತ್ತು. ಮತ್ತೆ ಹಚ್ಚಿ ಉಜ್ಜಿದೆ. ಬೆರಳಿನ ಗಂಟುಗಳ ಚರ್ಮ ಕಿತ್ತು ಹುಣಸೆಹುಳಿ ತಾಗಿ ಉರಿಯಿತು. ಮತ್ತೆ ತೊಳೆದು ಅವನ ಮುಖಕ್ಕೆ ಹಿಡಿದೆ. ತಾತ, ಅಪ್ಪ, ಊರು, ತಾಲ್ಲೂಕು, ಹೂವು, ಒಂದು ಗೀಟೂ ಮಾಸಿರಲಿಲ್ಲ. ಅವನು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಅರ್ಥವಾಯಿತು ಎನ್ನುವುದು ಕಿವಿ ಕೆಂಪಾದದ್ದರಿಂದ ನನಗೆ ಗೊತ್ತಾಯಿತು. ನಾನು ಮತ್ತೆ ಕೈ ಚಾಚಿ ಅದನ್ನು ಕೇಳಿದೆ.

"ಸಾಕು ಬುಡಕ್ಕ, ಕೈ ನೋಯ್ತದೆ" ಎಂದ.

ಆ ಕಲ್ಲಿನ ಮೇಲೆ ಕೂತವಳಿಗೆ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೊಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನೂ ಹೇಳಿರಲಿಲ್ಲ. ಈ ಮಾತನ್ನು ಕೊತ್ತಗೆರೆಗೆ ಹೋಗಿ ಹೇಳು ಎಂದು ರಿವಾಲ್ವರನ್ನು ಅವನ ಕೈಯಲ್ಲೇ ಬಿಟ್ಟು ಎದ್ದೆ.